ಕಣ್ಣಂಚಿನ ಬಂಗಾರದ ಹನಿ

ಕರು ಹಾಕಿ ಎಂಟು ದಿನವಾಗಿತ್ತು. ಹಸು ಹಿಂಡಿಯತ್ತ ಮೂತಿಯನ್ನೂ ತಿರುಗಿಸುತ್ತಿರಲಿಲ್ಲ. ಹಾಲು ಅರ್ಧಕ್ಕಿಳಿದಿತ್ತು. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಅಜ್ಜಿಗೆ ದಿಕ್ಕೇ ತೋಚಲಿಲ್ಲ. ಗಬ್ಬದ ಹಸುವೆಂದು, ಹಾಲು ಬತ್ತಿದ ಎರಡು ತಿಂಗಳೂ ದಿನಕ್ಕೆರಡು ಬುಟ್ಟಿ ಹಿಂಡಿ ತಾನೇ ಕೈಯಾರೆ ಇಟ್ಟಿದ್ದಳು. ಬೆನ್ನಿನ ಮೇಲೆ ಚೆಂಬು ಇಟ್ಟರೆ ನಿಲ್ಲುವಷ್ಟು ತುಂಬಿಕೊಂಡಿತ್ತು. ಈಗ ಹೀಗೇಕೆ?

ದನದ ಡಾಕ್ಟರಮ್ಮ ಬಂದಳು. ಬಡಗಿ ಕೆಲಸ ಮಾಡುವ ಅಜ್ಜಿಯ ಮಗ ಹಸುವಿನ ಕಿವಿ ಹಿಡಿದು ನಿಂತ. ಡಾಕ್ಟರಮ್ಮ ಒಂದು ಹನಿ ರಕ್ತ ತೆಗೆದು ಅಂಗೈಯಗಲದ ಯಂತ್ರದಲ್ಲಿಟ್ಟು ನೋಡಿ ಬಿಡಿಸಿ ಹೇಳಿದಳು. ಗಬ್ಬದಲ್ಲಿ ಅತಿಯಾಗಿ ಕೊಬ್ಬಿದ ಹಸು ಕರು ಹಾಕಿದ ಮೇಲೆ ಸರಿಯಾಗಿ ಮೇಯುವುದಿಲ್ಲ. ಹಾಲು ಕೊಡಲು ಮೈಯ ಕೊಬ್ಬನ್ನೇ ಕರಗಿಸುತ್ತದೆ. ಅದು ಒಮ್ಮೆಗೇ ರಕ್ತಕ್ಕಿಳಿದರೆ ಲಿವರ್‌ಗೆ ಅರಗಿಸಲು ಆಗುವುದಿಲ್ಲ. ಗ್ಲೂಕೋಸ್ ಏರಿಸಿ, ಕುಡಿಸಲು ಔಷಧಿ ಕೊಟ್ಟು, ಮುಂದಿನ ಗಬ್ಬಕ್ಕೆ ಹಿಂಡಿ ಅಳತೆ ಮಾಡಿ ಇಡಬೇಕೆಂದಳು.

"ನೋಡಮ್ಮಾ, ನಿನ್ನ ಮುದ್ದೇ ಮುಳುವಾಯ್ತು" ಎಂದು ಮಗ ನಕ್ಕ. "ನನ್ನ ಮೈ ತಡಕಿದ್ರೂ ಕೊಬ್ಬು ಸಿಗಲ್ಲ ಡಾಕ್ಟರಮ್ಮ. ನಾಲಿಗೇಲಿ ಇದ್ರೆ ಇರಬಹುದು."

ಅವನು ಕಡ್ಡಿಯಂಥ ಆಳು. ಕೈ ತೊಳೆಯಲು ಅವನು ನೀರು ಹಾಕುವಾಗ ಡಾಕ್ಟರಮ್ಮ ಅವನ ಮುಖವನ್ನೇ ನೋಡಿದಳು. ಮೂಗಿನ ಬದಿಯ ಕಣ್ಣಂಚಿನಲ್ಲಿ ಎರಡು ಹಳದಿ ಮಚ್ಚೆಗಳಿದ್ದವು. ಎಷ್ಟು ದಿನದಿಂದ ಇವೆ ಎಂದು ಕೇಳಿದಳು.

ಉತ್ತರ ಕೊಟ್ಟದ್ದು ಅಜ್ಜಿ, ಅದೂ ಹೆಮ್ಮೆಯಿಂದ. ಅದು ತಮ್ಮ ಮನೆತನದ ಗುರುತು, ಬಂಗಾರದ ಹನಿ. ಅವನ ಅಪ್ಪನಿಗೂ ಇತ್ತು, ಚಿಕ್ಕಪ್ಪನಿಗೂ ಇತ್ತು.

"ಅವರೆಲ್ಲ ಈಗ?"

ಅಜ್ಜಿ ಬೆರಳು ಮಡಿಚುತ್ತ ಹೇಳಿದಳು. ಗಂಡ ನಲವತ್ನಾಲ್ಕಕ್ಕೆ ಹಲಗೆ ಕೊಯ್ಯುತ್ತಲೇ ಎದೆ ಹಿಡಿದು ಕುಳಿತವರು ಏಳಲಿಲ್ಲ. ಮೈದುನ ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಇಡಲಿಲ್ಲ. ಮಗನಿಗೆ ಈಗ ನಲವತ್ತೊಂದು.

"ನಾನು ದನದ ಡಾಕ್ಟರು, ಮನುಷ್ಯರ ಕಾಯಿಲೆ ಇದೇ ಅಂತ ಹೇಳೋ ಹಾಗಿಲ್ಲ ಅಜ್ಜಿ" ಎಂದಳು ಡಾಕ್ಟರಮ್ಮ. "ಆದ್ರೆ ಕೆಲವರಿಗೆ ರಕ್ತದಲ್ಲಿ ಕೊಬ್ಬು ಹುಟ್ಟಿನಿಂದ್ಲೇ ಜಾಸ್ತಿ. ಸಣ್ಣಗಿದ್ದವರಿಗೂ ಇರುತ್ತೆ. ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ."

ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ತಲೆಯ ಮೇಲಿದೆ ಎಂದ, ನಾಳೆ ಎಂದ. ನಾಲ್ಕನೆಯ ಬೆಳಿಗ್ಗೆ ಅವನು ಕೆಲಸದ ಕೋಣೆಗೆ ಬಂದಾಗ, ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಅವನು ಮರ ಹೆರೆಯುವ ಮೇಜಿನ ಮೇಲೆಯೇ ಕುಳಿತಿದ್ದಳು.

"ಏಳಮ್ಮಾ, ನನಗೇನಾಗಿದೆ?"

"ನಿಮ್ಮಪ್ಪನೂ ಹಿಂಗೇ ಅಂದ್ರು. ನಾನೂ ಬಂಗಾರ ಅಂತ ನಕ್ಕೊಂಡಿದ್ದೆ. ಗೊತ್ತಿಲ್ದೆ ಮಾಡಿದ ತಪ್ಪನ್ನ ಗೊತ್ತಿದ್ದೂ ಮಾಡಲ್ಲ. ಹಸು ರಕ್ತ ತೆಗೀವಾಗ ಅದರ ಕಿವಿ ನೀನು ಹಿಡ್ಕೊಂಡೆ. ಈಗ ನಿನ್ನ ಕೈ ನಾನು ಹಿಡ್ಕೋತೀನಿ. ನಡಿ."

ಅವನು ನಡೆದ.

ರಕ್ತದ ಕೊಬ್ಬು ಇರಬೇಕಾದ್ದರ ಎರಡರಷ್ಟಿತ್ತು. ಆಸ್ಪತ್ರೆಯ ಡಾಕ್ಟರು ದಿನವೂ ನುಂಗಲು ಗುಳಿಗೆ ಬರೆದರು, ಎದೆಯ ಪರೀಕ್ಷೆ ಮಾಡಿಸಿದರು, ಬೀಡಿ ಬಿಡಿಸಿದರು. ಇದು ರಕ್ತಸಂಬಂಧದಲ್ಲಿ ಇಳಿದು ಬರುವುದರಿಂದ ಮಗುವನ್ನೂ ಕರೆತನ್ನಿ ಎಂದರು. ಒಂಬತ್ತು ವರ್ಷದ ಮೊಮ್ಮಗಳ ಕಣ್ಣಂಚಿನಲ್ಲಿ ಯಾವ ಮಚ್ಚೆಯೂ ಇರಲಿಲ್ಲ. ಆದರೂ ಅವಳ ರಕ್ತದಲ್ಲಿ ಕೊಬ್ಬು ಹೆಚ್ಚಿತ್ತು. ಆ ಚೀಟಿಯನ್ನು ಮಗ ಎರಡು ಸಲ ಓದಿದ. ಅಲ್ಲಿಂದಾಚೆ ಗುಳಿಗೆ ನುಂಗೆಂದು ಅವನಿಗೆ ಯಾರೂ ನೆನಪಿಸಬೇಕಾಗಲಿಲ್ಲ.

"ಇಷ್ಟು ಬೇಗ ಗೊತ್ತಾದದ್ದು ಒಳ್ಳೇದೇ" ಎಂದಿದ್ದರು ಡಾಕ್ಟರು. ಆ ಮಾತನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಹಸು ಈಗ ಚೆನ್ನಾಗಿ ಮೇಯುತ್ತಿದೆ. ಮುಂದಿನ ಗಬ್ಬಕ್ಕೆಂದು ಅಜ್ಜಿ ಒಂದು ಚಿಕ್ಕ ಬುಟ್ಟಿ ತೆಗೆದಿಟ್ಟಿದ್ದಾಳೆ. ಬಂಗಾರದ ಹನಿ ಎಂಬ ಮಾತು ಆ ಮನೆಯಲ್ಲಿ ನಿಂತುಹೋಗಿದೆ.

ಇದನ್ನು ಓದಿದವರೇ, ಓದಿಸಿ ಕೇಳಿದವರೇ, ನಿಮ್ಮ ಮನೆಯಲ್ಲಿ ಯಾರಾದರೂ ಐವತ್ತರೊಳಗೆ ಎದೆನೋವಿನಿಂದ ಹೋಗಿದ್ದರೆ ನೆನಪು ಮಾಡಿಕೊಳ್ಳಿ. ಮಚ್ಚೆ ಇದ್ದವರಿಗೆಲ್ಲ ಕಾಯಿಲೆ ಇರುವುದಿಲ್ಲ, ಇಲ್ಲದವರೆಲ್ಲ ಪಾರಾದಂತೆಯೂ ಅಲ್ಲ. ರಕ್ತ ನೋಡಿದರೆ ಮಾತ್ರ ತಿಳಿಯುತ್ತದೆ. ಸಣ್ಣಗಿದ್ದೇನೆಂದು ಸುಮ್ಮನಿರಬೇಡಿ. ಕೊಟ್ಟ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಮನೆಯವರು ಹಿಂಜರಿದರೆ ಅವರ ಕೈ ಹಿಡಿದು ಕರೆದುಕೊಂಡು ಹೋಗಿ. ನಾಳೆ ಎನ್ನಬೇಡಿ.