ಕಂಬಳಿ ಲಂಗ ತೊಟ್ಟ ರೋಬೋ

ಬಿಸಿಲು ಮತ್ತೆ ಜರುಗಿದೆ, ಬೆಳಿಗ್ಗೆ ಕಿಟಕಿಯ ಬುಡದಲ್ಲಿದ್ದದ್ದು ಈಗ ಸ್ಪರ್ಧೆಯ ಹಾಸಿನ ಮೇಲೇ ಕಾಲು ಚಾಚಿ ಮಲಗಿದೆ, ಕರಿ ಗೆರೆ ಅರ್ಧ ಬಿಸಿಲಲ್ಲಿ ಅರ್ಧ ನೆರಳಲ್ಲಿ, ಈ ಬಿಷ್ಕೆಕಿನವರಿಗೆ ಇಷ್ಟು ದೊಡ್ಡ ಕಿಟಕಿ ಯಾಕೆ ಬೇಕಿತ್ತೋ, ಅಟ್‌ಬಾಶಿಯ ನಮ್ಮ ಶಾಲೆಯಲ್ಲಿ ಚಳಿಗೆ ಎಲ್ಲ ಕಿಟಕಿಗೂ ದಪ್ಪ ಪರದೆ, ತಲೆಯ ಮೇಲೆ ಒಂದೇ ದೀಪ, ಅಲ್ಲಿ ರೋಬೋ ಗೆರೆ ಹಿಡಿದು ಎಷ್ಟು ಚೆಂದ ಓಡುತ್ತಿತ್ತು, ನಾವು ನಿದ್ದೆ ಹೋದ್ರೂ ಇದು ಓಡುತ್ತೆ ಅಂತ ಜಂಬ ಕೊಚ್ಚಿದ್ದ ಚೋಲ್ಪೊನ್ ಈಗ ಪಕ್ಕದಲ್ಲಿ ಮಂಡಿಯೂರಿ ಉಗುರು ಕಡಿಯುತ್ತಿದ್ದಾಳೆ, ಬುರುಲ್, ಏನಾದ್ರೂ ಮಾಡೇ, ಕಂಬದ ಥರ ಕೂತ್ಕೋಬೇಡ — ಮಾಡುವುದೇನು, ಮೊದಲ ಓಟದಲ್ಲಿ ರೋಬೋ ಎರಡು ಮಾರು ಹೋಗಿ ಗೆರೆ ಬಿಟ್ಟು ಕುಡುಕನ ಹಾಗೆ ಗೋಡೆಯ ಕಡೆ ನಡೆಯಿತು, ಇನ್ನು ಉಳಿದಿರುವುದು ಒಂದೇ ಓಟ, ಗೆರೆ ಹಿಡಿದು ಹೋಗಿ ಬಣ್ಣದ ತುಂಡುಗಳಲ್ಲಿ ಕೆಂಪನ್ನೇ ಎತ್ತಿ ಹಸಿರು ಚೌಕದಲ್ಲಿಡಬೇಕು, ಗೆದ್ದರೆ ಪೆಟ್ಟಿಗೆಯಲ್ಲಿ ಬಂದ ಈ ಗಾಲಿ, ಮೋಟಾರು, ಬಣ್ಣ ನೋಡುವ ಈ ಪುಟ್ಟ ಕಣ್ಣು ಎಲ್ಲ ಶಾಲೆಗೇ ಉಳಿಯುತ್ತದೆ, ಸೋತರೆ ಎರವಲು ಕೊಟ್ಟವರಿಗೆ ವಾಪಸ್ಸು, ಆಮೇಲೆ ಸಂಜೆಗಳಲ್ಲಿ ಏನು ಮಾಡುವುದು, ಕುರಿ ಎಣಿಸುವುದೇ? ಪಕ್ಕದ ಮೇಜಿನ ನೀಲಿ ಅಂಗಿಯ ಹುಡುಗ ಬೇರೆ ಬಗ್ಗಿ ನೋಡಿ ಹಲ್ಲು ಕಿರಿಯುತ್ತಾನೆ, ಏನ್ರೇ ಇದು, ರೋಬೋಗೆ ಲಂಗ ಹೊಲಿಸಿದೀರಾ, ಮದುವೆ ಯಾವಾಗ? ನಿನ್ ಮುಖ ನೋಡಿ ಬೇಡ ಅಂತು ಕಣೋ, ಹೋಗ್ ಆ ಕಡೆ, ಎಂದು ಚೋಲ್ಪೊನ್ ಸಿಡುಕುತ್ತಾಳೆ.

ಲಂಗವಂತೆ, ಲಂಗವೇ ಸರಿ, ನಿನ್ನೆ ಅಭ್ಯಾಸದಲ್ಲಿ ಬಿಸಿಲು ಕಣ್ಣಿಗೆ ಹೊಡೆದು ರೋಬೋ ಕಕ್ಕಾಬಿಕ್ಕಿಯಾದಾಗ ಅಮ್ಮ, ನಮ್ಮ ಅಪಾಳೇ ಅಲ್ವಾ ಹೊಲಿದುಕೊಟ್ಟದ್ದು, ಅಮ್ಮಂದಿರಿಗೆ ಇಲ್ಲೇನು ಕೆಲಸ ಅಂತ ಎಲ್ಲರೂ ಅಂದರೂ ಸೂಜಿ ದಾರ ಕಟ್ಟಿಕೊಂಡು ಬಸ್ಸು ಹತ್ತಿದ ಅಪಾ, ಶಿರ್ದಾಕ್ ಹಾಸಿಗೆಂದು ಕತ್ತರಿಸಿ ಮಿಕ್ಕ ಉಣ್ಣೆಗಂಬಳಿ, ಬಿಳಿಯ ತುಂಡಿಗೆ ಕರಿಯ ತುಂಡು ಬೆನ್ನಿಗೆ ಬೆನ್ನು ಕೊಟ್ಟು ಹೊಲಿಗೆ, ಕಣ್ಣಿನ ಸುತ್ತ ಬಿಗಿಯಾಗಿ ಕೂತಿತು, ಹೊರಗಿನ ಬೆಳಕು ಒಂದು ಎಳೆಯೂ ಒಳಗೆ ಬರದು, ಬಿಳಿ ಒಳಗಿರ್ಲಿ ಮಗಳೇ, ಅದರ ಕಣ್ಣು ಮೊದಲು ಬಿಳೀನೇ ನೋಡ್ಲಿ, ಹೋಗೋ ದಾರಿ ಬಿಳಿಯಾಗ್ಲಿ, ಎಂದಿದ್ದಳು. ಹೌದು, ಪ್ರಯಾಣ ಹೊರಟವರಿಗೆಲ್ಲ ಅವಳು ಹೇಳುವುದೇ ಅದು, ಹಾಗಿದ್ದೂ ಯಾಕೆ ಕೈಕೊಟ್ಟಿತು — ಬುರುಲ್ ರೋಬೋವನ್ನು ಕರಿ ಗೆರೆಯ ಮೇಲೇ ಇಟ್ಟು ಅದರ ಬೆನ್ನಿನ ಪುಟ್ಟ ಪರದೆ ನೋಡುತ್ತಾಳೆ, ಕರಿಗೆ ಬೆಳಕಿನ ಅಂಕಿ ಕೆಳಗಿಳಿಯಬೇಕು, ಇದು ಮೇಲೇ ಕೂತಿದೆ, ಗೆರೆಯೇ ಇಲ್ಲ ಅನ್ನುತ್ತಿದೆ ಪಾಪ, ಎತ್ತಿ ತಲೆಕೆಳಗು ಹಿಡಿದಳು, ಕಣ್ಣಿನ ಕೆಂಪು ದೀಪ ಉರಿಯುತ್ತಿದೆ, ಸುತ್ತಲ ಬಿಳಿ ಉಣ್ಣೆಯೆಲ್ಲ ಗುಲಾಬಿ, ಅಯ್ಯೋ ದೇವರೇ, ಅದರದೇ ಬೆಳಕು ಬಿಳಿಗೆ ಬಡಿದು ಅದರ ಕಣ್ಣಿಗೇ ವಾಪಸ್ಸು ಬರುತ್ತಿದೆ, ಅಪಾಳ ಹಾರೈಕೆ ನಿಜವಾಗಿಬಿಟ್ಟಿದೆ, ರೋಬೋಗೆ ದಾರಿಯೆಲ್ಲ ಬಿಳಿ!

ತಿರುಗಿಸಬೇಕು. ಕಾಲುಚೀಲ ತಿರುಗಿಸಿದ ಹಾಗೆ, ಕರಿ ಒಳಗೆ ಬಿಳಿ ಹೊರಗೆ, ಅಷ್ಟೇ, ಆದರೆ ಮೇಲಿನ ಸಾಲಿನಲ್ಲಿ ಅಪಾ ಕೂತಿದ್ದಾಳೆ, ಕಣ್ಣು ಇತ್ತಲೇ, ಇಷ್ಟು ಜನರೆದುರು ತಾಯಿಯ ಹಾರೈಕೆಯನ್ನು ಮಗಳೇ ಮಗುಚಿ ಹಾಕುವುದೇ, ಚೋಲ್ಪೊನ್ ಮೊಣಕೈ ತಿವಿದು ಪಿಸುಗುಟ್ಟುತ್ತಾಳೆ, ಏಯ್ ನಿಮ್ಮಮ್ಮ ನೋಡ್ತಿದಾರೆ ಕಣೇ, ನೊಂದ್ಕೋತಾರೆ. ನೊಂದ್ಕೊಳ್ಲಿ, ಆಮೇಲೆ ಕಾಲು ಹಿಡೀತೀನಿ, ಎಂದಳು ಬುರುಲ್, ಲಂಗ ಕಿತ್ತಳು, ಮಗುಚಿದಳು, ಮತ್ತೆ ತೊಡಿಸಿದಳು, ಕರಿ ತೋರಿಸಿ ಗುಂಡಿ ಒತ್ತು, ಬಿಳಿ ತೋರಿಸಿ ಗುಂಡಿ ಒತ್ತು, ಅಂಕಿ ಕೆಳಗೆ, ಅಂಕಿ ಮೇಲೆ, ಆಹಾ, ಈಗ ಕಂಡಿತೇನೋ ರಾಜಾ ಕರಿ ಬಿಳಿ, ಆಯ್ತೇನಮ್ಮಾ ಅಂತ ತೀರ್ಪುಗಾರ ಕೇಳುತ್ತಾನೆ, ಆಯ್ತು ಅನ್ನುವಾಗ ಮೇಲೆ ನೋಡಲಾರಳು, ನೋಡಿಯೇಬಿಟ್ಟಳು, ಅಪಾ ಎದ್ದು ನಿಂತಿದ್ದಾಳೆ, ಎರಡೂ ಕೈ ಬಾಯಿಗೆ ಕೊಟ್ಟು ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕೂಗುತ್ತಾಳೆ, ಹೊಲಿಗೆ ಎರಡು ಕಡೇನೂ ಗಟ್ಟಿ ಇದೆ ಕಣೇ ಹುಡುಗಿ, ಬಿಡು!

ಬಿಟ್ಟಳು. ನೆರಳಲ್ಲಿ ಓಡಿತು, ಬಿಸಿಲಿಗೆ ಬಂತು, ಬಿಸಿಲಲ್ಲೂ ಓಡಿತು, ತಿರುವಿನಲ್ಲಿ ಬಾಗಿತು, ಓಡು ಮರಿ ಓಡು, ನೀಲಿ ತುಂಡು ನೋಡಿ ಬೇಡವೆಂದಿತು, ಹಳದಿಯೂ ಬೇಡ, ಕೆಂಪಿನ ಮುಂದೆ ನಿಂತಿತು, ಯೋಚಿಸಿತು, ಕೈ ಚಾಚಿ ಹಿಡಿಯಿತು, ಚೋಲ್ಪೊನ್ ಕಿರುಚುತ್ತಿದ್ದಾಳೆ, ನೀಲಿ ಅಂಗಿಯವನೂ ಕಿರುಚುತ್ತಿದ್ದಾನೆ, ಇವನಿಗೇನಾಯಿತು, ಬುರುಲ್‌ಗೆ ಕಣ್ಣು ಮಂಜಾಗಿದೆ, ಅಳುತ್ತಿದ್ದೇನೆಯೇ, ಅತ್ತರೇನು, ಪೆಟ್ಟಿಗೆ ನಮ್ಮದು, ಸಂಜೆಗಳೂ ನಮ್ಮವು, ಇನ್ನು ಒಂದು ಗೇಣು, ಹಸಿರು ಚೌಕದ ಅಂಚು, ಒಳಗೆ, ಕೈ ಬಿಚ್ಚಿತು, ಕೆಂಪು ತುಂಡು ಹಸಿರಿನ ಮೇಲೆ, ಯಾರೋ ಅವಳನ್ನು ಎತ್ತಿ ಕುಣಿಸುತ್ತಿದ್ದಾರೆ, ಏನೇನೋ ಹೇಳುತ್ತಿದ್ದಾರೆ, ಕೇಳುತ್ತಿಲ್ಲ, ಕೆಂಪು, ಹಸಿರಿನ ಮೇಲೆ, ನಟ್ಟನಡುವೆ, ಕೆಂಪು