ತಟ್ಟೆಯ ಸುತ್ತ ಏಳು ಸಹಿ

ಐವತ್ತೆಂಟನೇ ಇಸವಿಯಲ್ಲಿ ಶಿಕಾರಿಪುರದ ನಮ್ಮ ಅನುದಾನಿತ ಶಾಲೆಯಲ್ಲಿ ಏಳು ಜನ ಪಾಠ ಹೇಳುತ್ತಿದ್ದೆವು. ನಾನು ಮರಗೆಲಸದ ಮೇಷ್ಟ್ರು. ಸರ್ಕಾರದಿಂದ ನಮಗೆ ತಿಂಗಳಿಗೆ ಹತ್ತು ರೂಪಾಯಿ ತುಟ್ಟಿಭತ್ಯೆ ಬರುತ್ತಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರಾದ ಗಿರಣಿ ಪರಮಶಿವಪ್ಪನವರು ಅದಕ್ಕೆ ಸಹಿ ಹಾಕಿಸಿಕೊಂಡು, ದುಡ್ಡನ್ನು ನಮ್ಮ ಅಂಗೈ ಮೇಲಿಟ್ಟು, ಕಟ್ಟಡ ನಿಧಿಗೆಂದು ಅಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಕಳೆದರೂ ಕಟ್ಟಡಕ್ಕೆ ಒಂದು ಇಟ್ಟಿಗೆ ಬಂದಿರಲಿಲ್ಲ.

ಶಿವಮೊಗ್ಗದ ವಿದ್ಯಾಧಿಕಾರಿಗಳಿಗೆ ಅರ್ಜಿ ಕಳಿಸುವುದೆಂದಾಯಿತು. ಆದರೆ ಮೊದಲ ಸಹಿ ಯಾರದು? ಮೊದಲು ಹಾಕಿದವರ ಕೆಲಸ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಕೆಲಸದ ಕೊಟ್ಟಿಗೆಯಲ್ಲಿ ಕೂತು ಒಂದು ತಾಸು ನೀವು ಮೊದಲು, ನೀವು ಮೊದಲು ಎಂದು ಜಗ್ಗಾಡಿದೆವು.

"ಗಾಡಿ ಗಾಲಿಗೆ ಮೊದಲ್ಯಾವುದು, ಕೊನೆ ಯಾವುದ್ರೀ? ದುಂಡಗೆ ಹಾಕಾನ," ಎಂದೆ ನಾನು.

ಕನ್ನಡ ಕಲಿಸುತ್ತಿದ್ದ ಯಮುನಮ್ಮ ತಮ್ಮ ಊಟದ ಹಿತ್ತಾಳೆ ತಟ್ಟೆ ಕೊಟ್ಟರು. ಕಾಗದದ ಮೇಲೆ ಅದನ್ನು ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದೆ. ನಡುವೆ ಬರೆದ ಒಕ್ಕಣೆಯನ್ನು ಓದಿ ನೋಡಿ, ಗೆರೆಯ ಮೇಲೆ ಏಳೂ ಜನ ಸಹಿ ಹಾಕಿದೆವು.

ಹಿರಿಯ ಮೇಷ್ಟ್ರು ಸದಾಶಿವಪ್ಪ ನನ್ನ ಬೆನ್ನು ತಟ್ಟಿ, "ಉಜ್ಜಪ್ಪಾ, ಬಡಗಿ ಆದ್ರೂ ವಕೀಲನ ತಲಿ ಐತಿ ಕಣೋ ನಿಂದು!" ಎಂದರು.

ಆ ಒಕ್ಕಣೆ ಬರೆದವರು ಯಮುನಮ್ಮ. ಅವರಷ್ಟು ಚೆಂದದ ಅಕ್ಷರ ಊರಲ್ಲಿ ಇನ್ನೊಬ್ಬರದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸೊರಬದ ಮೈದುನನ ಮನೆಯಲ್ಲಿ ಮೂರು ವರ್ಷ ಮುಸುರೆ ತಿಕ್ಕಿ, ಈ ಕೆಲಸ ಸಿಕ್ಕಿದ್ದಕ್ಕೆ ಮಗಳು ಜಗದಾಂಬಳನ್ನು ಕರೆದುಕೊಂಡು ಹೊರಬಿದ್ದಿದ್ದರು. "ಈ ಕೆಲಸ ಹೋದ್ರೆ ನಂಗೆ ಮತ್ತೆ ಅದೇ ಬಚ್ಚಲುಕಟ್ಟೆ, ಮಾರಾಯ್ರೆ. ಕೂಸಿನ ಓದೂ ಅಲ್ಲಿಗೇ ಮುಗೀತು," ಎನ್ನುತ್ತಲೇ ಬರೆದರು.

ತಿಂಗಳಾದ ಮೇಲೆ ಅರ್ಜಿ ವಾಪಸ್ ಬಂತು, ಅಧ್ಯಕ್ಷರ ಮನೆಗೇ. ಆಡಳಿತ ಮಂಡಳಿಯ ಮುಖಾಂತರ ಕಳಿಸತಕ್ಕದ್ದು ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು.

ಪರಮಶಿವಪ್ಪನವರು ನಮ್ಮನ್ನೆಲ್ಲ ಗಿರಣಿಗೆ ಕರೆಸಿದರು. ಸಿಟ್ಟು ಮಾಡಲಿಲ್ಲ, ಕಾಫಿ ತರಿಸಿದರು. ಅರ್ಜಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ಭಾಳ ಶಾಣ್ಯಾರು ಅದೀರಿ. ತಲಿ ಎಲ್ಲಿ, ಬಾಲ ಎಲ್ಲಿ, ಗೊತ್ತೇ ಆಗವಲ್ದು."

ಆಮೇಲೆ ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಅರ್ಜಿಯ ಪಕ್ಕ ಇಟ್ಟರು. ಅವರ ಮಗಳ ಮದುವೆಗೆ ಮುನ್ನೂರು ಲಕೋಟೆಗಳ ಮೇಲೆ ವಿಳಾಸ ಬರೆದುಕೊಟ್ಟವರು ಯಮುನಮ್ಮನೇ. ಒಂದು ಮಿಕ್ಕಿತ್ತು. ಎರಡರಲ್ಲೂ ಅದೇ ಅಕ್ಷರ.

ಮೊದಲ ಸಹಿ ಯಾರದೆಂದು ಬಚ್ಚಿಡಲು ಅಷ್ಟು ಕಷ್ಟಪಟ್ಟ ನನಗೆ ಅಕ್ಷರದ ವಿಚಾರ ಹೊಳೆದಿರಲಿಲ್ಲ. ಮರ ಕೊಯ್ಯುವವನಿಗೆ ಅಕ್ಷರವೆಲ್ಲ ಒಂದೇ.

"ಉಳಿದೋರು ಪಾಪ, ಬರೀ ಹಾಳಿ ಮ್ಯಾಲೆ ಸಹಿ ಮಾಡಿರಬೇಕು. ಒಕ್ಕಣಿ ಆಮ್ಯಾಲೆ ಬರದಾಳೆ. ಹೌದಲ್ರೀ ಸದಾಶಿವಪ್ಪ?" ಎಂದರು ಅಧ್ಯಕ್ಷರು.

ಸದಾಶಿವಪ್ಪ ಕಾಫಿ ಲೋಟ ನೋಡುತ್ತ, "ಹಂಗೇ ಇರಬೇಕ್ರೀ," ಎಂದರು.

ಯಮುನಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದರು. ನನ್ನ ಸರದಿ ಬಂದಾಗ ನಾನು ಹೊಟ್ಟಿನ ರಾಶಿಯ ಕಡೆ ನೋಡಿದೆ. ಖಾಲಿ ಹಾಳೆಗೆ ಸಹಿ ಹಾಕಿದ್ದೆವೆಂದು ಆರೂ ಜನ ಅಲ್ಲೇ ಬರೆದುಕೊಟ್ಟೆವು. ಮೋಸ ಮಾಡಿದರೆಂದು ಯಮುನಮ್ಮನನ್ನು ಕೆಲಸದಿಂದ ತೆಗೆದುಹಾಕಿದರು.

ಎಂಟು ದಿನಕ್ಕೆ ಅಧ್ಯಕ್ಷರು ಭತ್ಯೆಯಲ್ಲಿ ಐದು ರೂಪಾಯಿಯನ್ನು ನಮಗೇ ಬಿಟ್ಟುಕೊಟ್ಟರು. ಅವರಿಗೊಂದು ಸನ್ಮಾನ ಮಾಡಿ ಬಿನ್ನವತ್ತಳೆ ಅರ್ಪಿಸಬೇಕೆಂದು ಸದಾಶಿವಪ್ಪ ಹೊರಟರು. ಅದನ್ನು ಚೆಂದವಾಗಿ ಬರೆಯುವವರು ಯಾರು? ಒಳ್ಳೆಯ ಕಾಗದ ಹಿಡಿದು ಆರೂ ಜನ ಯಮುನಮ್ಮನ ಬಾಡಿಗೆ ಕೋಣೆಗೆ ಹೋದೆವು.

ಅವರು ಸೊರಬದ ಬಸ್ಸಿಗೆ ಗಂಟು ಕಟ್ಟುತ್ತಿದ್ದರು. ಜಗದಾಂಬ ತನ್ನ ಪುಸ್ತಕಗಳಿಗೆ ದಾರ ಸುತ್ತುತ್ತಿದ್ದಳು.

"ನಿಮ್ಮ ಕೊನೇ ತಿಂಗಳ ಸಂಬಳ ಅಧ್ಯಕ್ಷರ ಹತ್ರನೇ ಐತಲ್ರೀ. ಇದೊಂದು ಬರದುಕೊಟ್ರೆ, ನಾನೇ ಒಂದು ಮಾತು ಹೇಳಿ ಕೊಡಿಸ್ತೀನಿ," ಎಂದರು ಸದಾಶಿವಪ್ಪ.

ಯಮುನಮ್ಮ ಮಗಳ ಪುಸ್ತಕದ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಗಂಟಿನ ಮೇಲೆ ಮಣೆ ಇಟ್ಟುಕೊಂಡು ಬರೆದರು. ಧರ್ಮಪ್ರಭುಗಳು, ಗುರುವೃಂದದ ಕಣ್ಣೀರು ಒರೆಸಿದವರು ಎಂದು ನಾವು ಹೇಳಿದ್ದನ್ನೆಲ್ಲ ಬರೆದರು. ಒಂದಕ್ಷರವೂ ನಡುಗಲಿಲ್ಲ.

ಮುಗಿಸಿ, ಗಂಟಿನೊಳಗೆ ಕೈಹಾಕಿ ಹಿತ್ತಾಳೆ ತಟ್ಟೆ ತೆಗೆದು ನನ್ನ ಮುಂದೆ ಹಿಡಿದರು. "ಸಹಿಗೆ ತಟ್ಟೆ ಬೇಕಾ, ಉಜ್ಜಪ್ಪ ಮೇಷ್ಟ್ರೆ?"

"ಇದಕ್ಯಾಕ್ರೀ ತಟ್ಟಿ!" ಎಂದು ಸದಾಶಿವಪ್ಪ ನಗುತ್ತ ಪೆನ್ನು ಕಿತ್ತುಕೊಂಡು ಎಲ್ಲರಿಗಿಂತ ಮೇಲೆ ತಮ್ಮ ಹೆಸರು ಹಾಕಿದರು. ಹಿಂದಿನಿಂದ ಉಳಿದವರು ಒಬ್ಬರನ್ನೊಬ್ಬರು ಒತ್ತುತ್ತಿದ್ದರು. ಮೊಣಕೈಯಿಂದ ಇಬ್ಬರನ್ನು ಸರಿಸಿ ನಾನು ಮುಂದೆ ಹೋದೆ.

ಎರಡನೆಯ ಸಹಿ ನನ್ನದು.