ಊದುಗೊಳವೆಯ ಇನ್ನರ್ಧ

ನಾನು ಲೋಹ ಹುಡುಕುವ ಯಂತ್ರ. ಒಂದು ಉದ್ದ ಕೋಲು, ತುದಿಗೆ ತಟ್ಟೆ, ಹಿಡಿಯ ಬಳಿ ಪುಟ್ಟ ಡಬ್ಬಿ. ಮಣ್ಣಿನೊಳಗೆ ಲೋಹವಿದ್ದರೆ ಕುಂಯ್ ಎನ್ನುತ್ತೇನೆ. ಅದು ಬಂಗಾರವೋ ಮೊಳೆಯೋ ನನಗೆ ಗೊತ್ತಾಗುವುದಿಲ್ಲ. ಅಗೆದು ನೋಡುವ ಕಷ್ಟ ಮನುಷ್ಯರದ್ದು. ಪೀಣ್ಯದ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ನನ್ನ ತಂತಿ ಸುತ್ತಿದ ಹೆಂಗಸು ತನ್ನ ಕಾಲುಂಗುರದ ಮೇಲೆ ನನ್ನನ್ನು ಹಿಡಿದು, ನಾನು ಕೂಗಿದಾಗ ಜೋರಾಗಿ ನಕ್ಕಳು. ಅಷ್ಟು ಖುಷಿಯಿಂದ ನನ್ನ ಕೂಗು ಕೇಳಿದವರು ಆಮೇಲೆ ಬಹುಕಾಲ ಸಿಗಲಿಲ್ಲ.

ಮೊದಲ ಒಡೆಯ ಮಲ್ಲೇಶಿ, ನಿಧಿಗಳ್ಳ. ಹಾಳು ಗುಡಿ, ಬಿದ್ದ ಕೋಟೆ ಎಲ್ಲ ಕಡೆ ಎಳೆದಾಡಿದ. ನಾನು ಕೂಗುವುದು, ಅವನು ಬೆವರು ಸುರಿಸಿ ಅಗೆಯುವುದು, ಕೊನೆಗೆ ಎತ್ತಿನ ಲಾಳ ಸಿಕ್ಕಿ ನನಗೆ ಬೈಯುವುದು. ನಾನೇನು ಸುಳ್ಳು ಹೇಳಿದ್ದೆನೆ? ಒಂದು ದಿನ ಪೊಲೀಸರು ಇಬ್ಬರನ್ನೂ ಹಿಡಿದರು. ಅವನಿಗೆ ಜಾಮೀನು ಸಿಕ್ಕಿತು, ನನಗೆ ಠಾಣೆಯ ಮೂಲೆ. ಕೇಸು ಮುಗಿದ ಮೇಲೆ ಕೋರ್ಟು ನನ್ನನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿತು.

ಅಲ್ಲಿ ನನ್ನನ್ನು ಕೈಗೆತ್ತಿಕೊಂಡವರು ಸುನಂದಾ ಬಳಿಗಾರ. ಸರ್ಕಾರದ ಅಪ್ಪಣೆ ಪಡೆದು ಗಡ್ಡಿಹಾಳದ ಮಣ್ಣಿನ ಕೋಟೆಯಲ್ಲಿ ಹಳೆಯ ಕದನದ ಕುರುಹು ಹುಡುಕುತ್ತಿದ್ದರು. ತುಕ್ಕು ಹಿಡಿದ ಕಬ್ಬಿಣ ಸಿಕ್ಕರೂ ಹಿಗ್ಗುತ್ತಿದ್ದರು. ನನಗೆ ಮರ್ಯಾದೆ ಬಂದದ್ದೇ ಆಗ.

ಮಧ್ಯಾಹ್ನದ ಊಟ ಆ ಊರಿನ ದುರುಗವ್ವನ ಮನೆಯಲ್ಲಿ. ಆಕೆ ಕಬ್ಬಿಣದ ಕೊಳವೆಯಿಂದ ಒಲೆ ಊದುವುದನ್ನು ಕಂಡು ಸುನಂದಾ ರೊಟ್ಟಿ ಮುರಿಯುವುದನ್ನೇ ಮರೆತರು. ಅದು ಬಂದೂಕಿನ ನಳಿಗೆ. ಹಿಂದಿನ ತುದಿ ಮುರಿದಿತ್ತು.

“ನಮ್ಮ ಮುತ್ಯಾನ ಮುತ್ಯಾಂದು ಅದು,” ಎಂದ ದುರುಗವ್ವನ ಮಾವ ಹನುಮಪ್ಪ. “ಕದನದಾಗ ಕೋಟಿ ಅಗಸಿ ಕಾಯಾಕ ನಿಂತಾಂವ ತಿರುಗಿ ಬರಲಿಲ್ಲ. ಮರುದಿನ ಅವನ ಹೇಣ್ತಿಗೆ ಇದೊಂದ ಸಿಕ್ಕಿತ್ತಂತ. ಬಂದೂಕ ಮುರದ ಒಗದು ಓಡಿ ಹೋದಾ ಅಂದ್ರು. ಅವತ್ತಿನಿಂದ ನಾವು ಓಡಿದವರ ಮನ್ಯಾವ್ರು.”

ಗಡ್ಡಿಹಾಳದಲ್ಲಿ ಮಹಾನವಮಿಯ ಆಯುಧಪೂಜೆ ಕೋಟೆಯ ಹೆಬ್ಬಾಗಿಲಿನಲ್ಲಿ, ಅವರ ಮಾತಿನ ಅಗಸೆಯಲ್ಲಿ, ನಡೆಯುತ್ತದೆ. ಕೋಟೆ ಕಾದವರ ಮನೆಯವರು ಅಜ್ಜಂದಿರ ಕತ್ತಿ, ಬಂದೂಕು ತಂದಿಡುತ್ತಾರೆ. ಹನುಮಪ್ಪನಿಗೆ ಆ ಹಕ್ಕಿಲ್ಲ. ಪೂಜೆಗೆ ಸಲ್ಲದ ನಳಿಗೆ ಒಲೆಗೆ ಸಂದಿತ್ತು.

“ಸಾಯೂದ್ರಾಗ ಒಮ್ಮೆ ಅಲ್ಲಿ ಇಡಬೇಕಂತೈತ್ರಿ ಬಾಯಾರ. ಆದ್ರ ಹುಡುಕಿದ ಮ್ಯಾಲ ಓಡಿದ್ದು ಖರೇನ ಅಂತಾದ್ರ?”

“ಖರೇ ಏನೈತೋ ಅದನ್ನ ಹೇಳತೇನ್ರಿ,” ಎಂದರು ಸುನಂದಾ.

ಹನುಮಪ್ಪನಿಗೆ ಅಳುಕು ಹೋಗಲಿಲ್ಲ. ಆದರೂ ಮರುದಿನ ಕೋಟೆಗೆ ಬಂದು ಕಲ್ಲಿನ ಮೇಲೆ ಕೂತ. ಅಗಸೆಯ ಪಕ್ಕ ಕುಸಿದ ಬುರುಜಿನ ಮಣ್ಣಿನಲ್ಲಿ ನಾನು ಕೂಗಿದೆ. ಕೂಗುವಾಗ ಭಯವಾಗಿದ್ದು ಅದೇ ಮೊದಲು. ಮೊಳೆಯಾಗಿದ್ದರೆ ಆ ಮುದುಕನ ಮುಖ ನೋಡುವುದು ಹೇಗೆ?

ಸಿಕ್ಕಿದ್ದು ಬಂದೂಕಿನ ಹಿಂಭಾಗ, ಗುಂಡು ಹಾರಿಸಲು ಎಳೆಯುವ ಕುದುರೆ ಸಮೇತ. ಅದರಲ್ಲಿ ತೋಪಿನ ಗುಂಡಿನ ಚೂರೊಂದು ಹೂತುಕೊಂಡಿತ್ತು. ದುರುಗವ್ವ ಮನೆಗೆ ಓಡಿ ಊದುಗೊಳವೆ ತಂದಳು, ಅದಿನ್ನೂ ಬೆಚ್ಚಗಿತ್ತು. ಮುರಿದ ಅಂಚುಗಳನ್ನು ಹತ್ತಿರ ಹಿಡಿದರೆ ಒಂದಕ್ಕೊಂದು ಕೂಡಿದವು.

“ಚೂರು ಮುಂದಿನಿಂದ ಬಡದೈತಿ,” ಎಂದರು ಸುನಂದಾ. “ಗುರಿ ಹಿಡದು ನಿಂತಾಂವನ ಕೈಯಾಗ ಮುರದೈತ್ರಿ ಇದು. ಓಡಾಂವನ ಕೈಯಾಗಲ್ಲ.”

ಹನುಮಪ್ಪ ಮಣ್ಣಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ನನಗೂ ಸಂತೋಷವಾಯಿತು, ಬಂಗಾರ ಸಿಕ್ಕಿದ್ದರೂ ಇಷ್ಟಾಗುತ್ತಿರಲಿಲ್ಲ.

ಆ ನವಮಿಗೆ ಸುನಂದಾ ಅಪ್ಪಣೆ ಪಡೆದು, ಸಂಗ್ರಹಾಲಯ ಸೇರಿದ್ದ ಹಿಂಭಾಗವನ್ನು ಒಂದು ದಿನದ ಮಟ್ಟಿಗೆ ಊರಿಗೆ ತಂದರು, ನನ್ನನ್ನೂ. ಹನುಮಪ್ಪ ಅಗಸೆಯಲ್ಲಿ ಎರಡೂ ತುಂಡು ಕೂಡಿಸಿಟ್ಟ. ಯಾರೂ ತಡೆಯಲಿಲ್ಲ. ನನ್ನ ತಟ್ಟೆಗೂ ಕುಂಕುಮ ಹಚ್ಚಿದ.

“ಇನ್ನ ಅದರಿಂದ ಒಲಿ ಊದಸಬ್ಯಾಡೋ ಹನುಮ,” ಎಂದರು ಊರ ಹಿರಿಯರು.

“ಯಾಕ್ರಿ? ನೀವು ಕೈ ಬಿಟ್ಟಾಗ ರೊಟ್ಟಿ ಹಾಕಿದ್ದು ಅದ. ಅದೂ ಓಡಿ ಹೋಗಿಲ್ಲ.”

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಸೋರಿ ಗಂಟಲು ಕಟ್ಟಿದೆ. ಸಂಗ್ರಹಾಲಯದ ಮೂಲೆಯಲ್ಲಿ ಒರಗಿ ನಿಂತಿದ್ದೇನೆ. ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಬಂದೂಕಿನ ಹಿಂಭಾಗವಿದೆ. ಹನುಮಪ್ಪ ತೀರಿಕೊಂಡ. ಪ್ರತಿ ನವಮಿಗೆ ದುರುಗವ್ವ ಬಸ್ಸಿನಲ್ಲಿ ಬಂದು, ಚೀಲದಿಂದ ನಳಿಗೆ ತೆಗೆದು, ಗಾಜಿಗೆ ತಾಗಿಸಿ ಹಿಡಿದು ಕಣ್ಣು ಮುಚ್ಚುತ್ತಾಳೆ. ಗಾಜಿನ ಮೇಲೆ ಮಸಿ ಹತ್ತುತ್ತದೆ. ಬೆಳಗಿನ ರೊಟ್ಟಿ ಸುಟ್ಟು ಬಂದಿದ್ದಾಳೆ ಎಂದು ತಿಳಿಯುತ್ತದೆ. ಆಗ ಒಂದೇ ಒಂದು ಸಲ ಕೂಗಬೇಕೆನಿಸುತ್ತದೆ ನನಗೆ.